ಹಗೇವಿಗೆ ಇಳಿದ ನಾಲ್ಕನೇ ಕ್ಲಾಸು

ಜೂನ್ 24, 2025, ಮಂಗಳವಾರ
ಮುಳ್ಳೇರಿಯ, ಕಾಸರಗೋಡು

ಈ ವರ್ಷ ಮೇ 24ಕ್ಕೇ ಮಳೆಗಾಲ ಶುರುವಾದದ್ದು. ಅಡಿಕೆಗೆ ಮದ್ದು ಬಿಡಲು ಸರಿಯಾಗಿ ಬಿಸಿಲೇ ಸಿಗಲಿಲ್ಲ ಅಂತ ಇವರು ದಿನಾ ಒಂದು ಸುತ್ತು ಗೊಣಗುತ್ತಾರೆ. ಮೈಲುತುತ್ತು ತಂದು ಇಟ್ಟದ್ದು ಹಾಗೇ ಇದೆ. ಕೊಳೆರೋಗ ಬಂದರೆ ದೇವರೇ ಗತಿ.

ಇವತ್ತು ಬರೆಯಲು ಕೂತದ್ದು ಅದಕ್ಕಲ್ಲ.

ವಾಚನಾ ವಾರ ಅಲ್ವಾ, ನಾಲ್ಕನೇ ಕ್ಲಾಸಿಗೆ ಪಾಠಪುಸ್ತಕದ ಹೊರಗಿನದ್ದು ಏನಾದರೂ ಓದಿಸೋಣ ಅಂತ ನಾನೇ ನಾಲ್ಕು ಸಾಲು ಬರೆದುಕೊಂಡು ಹೋಗಿದ್ದೆ. ಬಯಲುಸೀಮೆಯ ಒಂದು ಊರಿನ ಕಥೆ. ಅದರಲ್ಲಿ ಬೇಕೆಂದೇ ಒಂದು ಗೊತ್ತಿಲ್ಲದ ಶಬ್ದ ಇಟ್ಟಿದ್ದೆ. ಬೋರ್ಡಿನಲ್ಲಿ ಒಂದೊಂದೇ ವಾಕ್ಯ ಬರೆಯುವುದು, ಪ್ರತಿ ವಾಕ್ಯಕ್ಕೂ ನಿಲ್ಲಿಸಿ ಕೇಳುವುದು.

'ಸುಗ್ಗಿ ಮುಗಿದ ಮೇಲೆ ಅಜ್ಜ ಜೋಳವನ್ನು ಹಗೇವಿಗೆ ಸುರಿದ.'

ಮೊದಲು ಬಂದ ಉತ್ತರ ಹಾವು. ಹಗೇವು, ಹಾವು, ಕೇಳಲು ಒಂದೇ ಥರ. 'ಹಾಗಾದ್ರೆ ಹಾವಿನ ಮೇಲೆ ಜೋಳ ಸುರಿದದ್ದಾ?' ಅಂತ ಪಕ್ಕದವನೇ ಕೇಳಿಬಿಟ್ಟ. ಕ್ಲಾಸಿಡೀ ನಗು. ನನಗೆ ಬೇಕಾದದ್ದೂ ಅದೇ. ಊಹಿಸಿದ್ದನ್ನು ಆ ಜಾಗದಲ್ಲಿಟ್ಟು ಮತ್ತೊಮ್ಮೆ ಓದಿ ನೋಡುವುದು. ಮಕ್ಕಳು ಊಹಿಸುತ್ತಾರೆ, ಅದನ್ನು ಯಾರೂ ಕಲಿಸಬೇಕಾಗಿಲ್ಲ. ಓದಿ ನೋಡುವುದಕ್ಕೆ ಮಾತ್ರ ಸೋಮಾರಿತನ.

ಆಮೇಲೆ ಗೋಣಿ, ಡ್ರಮ್ಮು, ಧಾನ್ಯ ತುಂಬುವ ಮರದ ಪತ್ತಾಯ. ಮೂರೂ ಕೂರುತ್ತವೆ. ಶಬ್ದದ ಕೊನೆಯಲ್ಲಿರುವ 'ಇಗೆ' ನೋಡಿ, ಸುರಿಯುವುದು ಎಲ್ಲಿಗೆ ಅಂತ ಅದು ಹೇಳುತ್ತದೆ ಅಂದೆ. ಏನೋ ತುಂಬಿಸಿಡುವಂಥದ್ದು ಅಂತ ಎಲ್ಲರೂ ಒಪ್ಪಿದರು.

'ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತಿದ.'

ಗೋಣಿ ಹೋಯಿತು. ಗೋಣಿಯ ಬಾಯಿಗೆ ಯಾರು ಕಲ್ಲು ಇಡುತ್ತಾರೆ! ಪತ್ತಾಯವೂ ಹೋಯಿತು. ಹಿಂದಿನ ಬೆಂಚಿನಿಂದ 'ಬಾವಿ' ಅಂತ ಒಂದು ಸ್ವರ. ಮತ್ತೊಬ್ಬ 'ಸುರಂಗ' ಅಂದ. ಅವರ ಮನೆಗೆ ನೀರು ಬರುವುದೇ ಗುಡ್ಡದ ಸುರಂಗದಿಂದ, ಅವನಿಗೆ ಅದು ನೆನಪಾಗದೆ ಇರುತ್ತದಾ?

'ಮಳೆಗಾಲ ಕಳೆದು ತೆರೆದಾಗ ಮೊಮ್ಮಗ ಇಳಿಯಲು ಹೊರಟ. ಈಗಲೇ ಬೇಡ, ಒಳಗೆ ಉಸಿರು ಕಟ್ಟುತ್ತದೆ, ಗಾಳಿ ಆಡಲಿ ಎಂದ ಅಜ್ಜ.'

ಆಗ ಎದ್ದು ನಿಂತದ್ದು ಆಟೋದವರ ಮಗಳು. ಕ್ಲಾಸಲ್ಲಿ ಬಾಯಿ ಬಿಡುವುದೇ ಅಪರೂಪ. 'ಸುರಂಗ ಅಲ್ಲ ಟೀಚರ್. ಸುರಂಗಕ್ಕೆ ಇಳಿಯುವುದಿಲ್ಲ, ಬಗ್ಗಿ ಹೋಗುವುದು. ಇದು ಕೆಳಗೆ ಇರುವುದು. ಗುಂಡಿ.'

'ಇಳಿಯಲು' ಅನ್ನುವ ಒಂದು ಕ್ರಿಯಾಪದ ಹಿಡಿದು ಅಷ್ಟು ದೂರ ಹೋದಳು! ಧಾನ್ಯ ಹೂಳಿಡುವ ನೆಲದೊಳಗಿನ ಕಣಜವೇ ಹಗೇವು ಅಂತ ನಾನು ಹೇಳುವಷ್ಟರಲ್ಲಿ ಇನ್ನೊಬ್ಬ, 'ಅದಕ್ಕೆ ನೀರು ತುಂಬುವುದಿಲ್ವಾ?' ಅಂದ. ನಮ್ಮ ಮಳೆಗೆ ಖಂಡಿತ ತುಂಬುತ್ತದೆ ಮಾರಾಯ, ಅದು ಒಣ ಊರಿನವರ ಉಪಾಯ. ಜೋಳ ಅಂದರೆ ಮಾತ್ರ ಎಲ್ಲರ ತಲೆಯಲ್ಲೂ ಬೇಕಲದ ಬೀಚಿನಲ್ಲಿ ಸುಟ್ಟು ಕೊಡುವ ತೆನೆಯೇ. ರೊಟ್ಟಿಯ ಬಿಳಿಜೋಳ ಇಲ್ಲಿ ನೋಡಿದವರು ಯಾರು? ಕಥೆಗೆ ಅದರಿಂದ ಏನೂ ತೊಂದರೆ ಇಲ್ಲ, ಸುಮ್ನೆ ಬಿಟ್ಟೆ.

ಇಷ್ಟು ಖುಷಿಯಲ್ಲಿ ಗೇಟಿನ ಹತ್ತಿರ ಬಂದರೆ ಅವಳ ಅಪ್ಪ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು.

'ಟೀಚರ್, ಒಂದು ನಿಮಿಷ. ನೀವು ಶಬ್ದಾರ್ಥ ಬರೆಸುವುದಿಲ್ಲವಂತೆ?'

ಬರೆಸುತ್ತೇನೆ, ಎಲ್ಲವನ್ನೂ ಬರೆಸುವುದಿಲ್ಲ ಅಂದೆ. ಹಗೇವಿನ ಕಥೆ ಹೇಳಿದೆ, ಮಗಳನ್ನು ಹೊಗಳಿದೆ. ಅವರಿಗೆ ಸಂತೋಷವಾಯಿತು, ಆದರೆ ಮಾತು ಬಿಡಲಿಲ್ಲ.

'ಅದು ನೀವೇ ಬರೆದದ್ದಲ್ವಾ ಟೀಚರ್? ಒಂದು ಶಬ್ದ ಬಿಟ್ಟು ಬಾಕಿ ಎಲ್ಲ ಅವಳಿಗೆ ಗೊತ್ತಿರುವುದು. ಪುಸ್ತಕದ ಪಾಠ ಹಾಗಾ? ಮನೆಯಲ್ಲಿ ನಾವು ಮಾತಾಡುವುದು ತುಳು. ಅವಳಮ್ಮ ಕಲಿತದ್ದು ಮಲಯಾಳ ಮೀಡಿಯಂ. ರಾತ್ರಿ ಅವಳು ಪುಸ್ತಕ ತಂದು ಕೇಳುವುದು ನನ್ನ ಹತ್ತಿರ, ನಾನು ಓದಿದ್ದು ಏಳರವರೆಗೆ. ಹತ್ತು ಶಬ್ದದಲ್ಲಿ ಆರು ಗೊತ್ತಿಲ್ಲದಿದ್ದರೆ ಅವಳು ಯಾವುದನ್ನು ಹಿಡಿದು ಯಾವುದನ್ನು ಊಹಿಸುವುದು?'

ಏನು ಹೇಳಲಿ? ಮಳೆ ಜೋರಾಯಿತು, ಅವರು ಪರದೆ ಇಳಿಸಿ ಮಗಳನ್ನು ಕೂರಿಸಿಕೊಂಡು ಹೋದರು. ಹೋಗುವಾಗ 'ಬೇಜಾರು ಮಾಡಬೇಡಿ ಟೀಚರ್' ಅಂತ ಬೇರೆ.

ಅವರು ಕೇಳಿದ್ದರಲ್ಲಿ ದೊಡ್ಡ ವಿಷಯ ಇದೆ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರ ಮೇಲೆ ಹೂ ಮತ್ತು ನೇಶನ್ ಎಂಬಿಬ್ಬರು ಮಾಡಿದ ಅಧ್ಯಯನ 2000ದಲ್ಲಿ ಪ್ರಕಟವಾಗಿತ್ತು. ಯಾರ ಸಹಾಯವೂ ಇಲ್ಲದೆ ಒಂದು ಕಥೆ ಚೆನ್ನಾಗಿ ಅರ್ಥವಾಗಬೇಕಾದರೆ, ಹೆಚ್ಚಿನವರಿಗೆ ಅದರ 100 ಪದಗಳಲ್ಲಿ ಸುಮಾರು 98 ಮೊದಲೇ ಗೊತ್ತಿರಬೇಕು ಅಂತ. ಕನ್ನಡಕ್ಕೆ ಅದೇ ಲೆಕ್ಕ ಹಿಡಿಯಲಾಗದು, ನಮ್ಮಲ್ಲಿ ಒಂದೇ ಪದಕ್ಕೆ ಎಷ್ಟು ಬಾಲಗಳು! ಆದರೂ ಆಟೋದವರು ಹೇಳಿದ್ದು ಅದನ್ನೇ ಅಲ್ವಾ? ಸುತ್ತಲಿನದ್ದು ಗೊತ್ತಿದ್ದರೆ ತಾನೇ ನಡುವಿನದ್ದು ಸಿಗುವುದು.

ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದರೆ ಮಾಷ್ಟ್ರು 'ಗೈಡ್ ಇದೆಯಲ್ಲ' ಅಂತ ಮುಗಿಸಿಬಿಡುತ್ತಾರೆ. ಗೈಡಿನಲ್ಲಿ 'ಕಣಜ = ಉಗ್ರಾಣ' ಅಂತ ಇರುತ್ತದೆ. ಉಗ್ರಾಣ ಅಂದರೇನು ಅಂತ ಕೇಳಲು ಇನ್ನೊಂದು ಗೈಡ್ ಬೇಕು. ಇದೇ ಮಕ್ಕಳು ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ಬ್ಯಾರಿ, ಮನೆಯಲ್ಲಿ ತುಳು ಅಂತ ಅರ್ಧಂಬರ್ಧ ಕೇಳಿಯೇ ಎಲ್ಲ ಅಂದಾಜು ಮಾಡಿಕೊಂಡವರು. ಅಲ್ಲಿ ಎದುರಿನವರ ಮುಖ ಇದೆ, ಕೈಯಲ್ಲಿರುವ ಸಾಮಾನು ಇದೆ. ಪುಸ್ತಕದಲ್ಲಿ ಅದೆಲ್ಲ ಎಲ್ಲಿ?

ಇವರು ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದಾರೆ. ಹಲಸಿನ ಬೀಜದ ಸಾರು, ಮತ್ತೆ ಅದೇ.

ನಾಳೆಯ ಪಾಠ ಎದುರಿಗಿಟ್ಟುಕೊಂಡು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೇನೆ. ಯಾವುದನ್ನು ನಾನೇ ಹೇಳಿಬಿಡಬೇಕು, ಯಾವುದನ್ನು ಅವರಿಗೆ ಬಿಡಬೇಕು ಅಂತ. 'ಮಗ್ಗ' ಊಹಿಸುವಂಥದ್ದಲ್ಲ, ಫೋಟೋ ತೋರಿಸಿದರೆ ಆಯಿತು. 'ತಬ್ಬಿಬ್ಬಾದ' ಬಿಡಬಹುದು, ಮುಂದಿನ ವಾಕ್ಯದಲ್ಲೇ ಹುಡುಗ ಎಡಕ್ಕೋ ಬಲಕ್ಕೋ ಗೊತ್ತಾಗದೆ ದಾರಿ ಕೇಳುತ್ತಾನೆ. ತಲೆಬಿಸಿ ಇರುವುದು 'ಹಂಗು' ಎಂಬುದರದ್ದು. 'ನನಗೆ ಯಾರ ಹಂಗೂ ಬೇಡ' ಅಂತ ಮುದುಕಿ ಎದ್ದು ಹೋಗುತ್ತಾಳೆ, ಅಷ್ಟೇ ಇರುವುದು. ಜಗಳ ಅಂತಿಟ್ಟು ಓದಿದರೂ ವಾಕ್ಯ ಸರಿ, ದುಡ್ಡು ಅಂತಿಟ್ಟರೂ ಸರಿ. ಓದಿ ನೋಡಿ ಅನ್ನುವ ನನ್ನ ಉಪಾಯ ಇಲ್ಲಿ ನಡೆಯುವುದಿಲ್ಲ. ಹೇಳಿಯೇಬಿಡೋಣ ಅಂದರೆ, ಸಹಾಯ ಪಡೆದವರ ಮನಸ್ಸಿನಲ್ಲಿ ಉಳಿಯುವ ಆ ಭಾರವನ್ನು ಒಂಬತ್ತು ವರ್ಷದ ಮಕ್ಕಳಿಗೆ ಯಾವ ಮಾತಿನಲ್ಲಿ... ಅಥವಾ ಮೊದಲು ಒಂದು ಬೇರೆ ಕಥೆ ಹೇಳಿ, ಪಕ್ಕದ ಮನೆಯಿಂದ ದಿನಾ ಹಾಲು ತರುವವಳದ್ದು, ಅವಳಿಗೆ ಒಂದು ದಿನ