ಎಲುಬಿನ ಔಷಧ, ಹಲ್ಲಿನ ನೋವು

ಪುಣೆಯ ಒಂದು ಖಾಸಗಿ ಆಸ್ಪತ್ರೆಯ ಕ್ಯಾನ್ಸರ್ ಡೇ-ಕೇರ್‌ನಲ್ಲಿ ನಾನು ನರ್ಸ್ ಆಗಿದ್ದೇನೆ. ಕೀಮೊ ದಿನಾಂಕ ತಪ್ಪಿದರೆ ಇಡೀ ವಾರ್ಡು ಎಚ್ಚೆತ್ತುಕೊಳ್ಳುತ್ತದೆ. ಎಲುಬಿನ ಔಷಧಗಳು ಮಾತ್ರ ‘ಸಪೋರ್ಟಿವ್’ ಎಂಬ ಪಟ್ಟಿಯೊಳಗೆ ಸದ್ದಿಲ್ಲದೆ ಬಿದ್ದಿರುತ್ತವೆ.

ಸೊಲ್ಲಾಪುರದ ಕಡೆಯ ಒಬ್ಬ ಕನ್ನಡದ ಹೆಂಗಸು ಸ್ತನ ಕ್ಯಾನ್ಸರಿಗೆ ಲೆಟ್ರೊಜೋಲ್ ಮಾತ್ರೆ ಸೇವಿಸುತ್ತಿದ್ದರು. ಮುಟ್ಟು ನಿಂತ ಮೇಲೂ ದೇಹದಲ್ಲಿ ಉತ್ಪತ್ತಿಯಾಗುವ ಅಲ್ಪಸ್ವಲ್ಪ ಈಸ್ಟ್ರೋಜನ್ನನ್ನು ಈ ಮಾತ್ರೆ ತಡೆಯುವುದರಿಂದ ಗಡ್ಡೆಗೆ ಪೋಷಣೆ ತಪ್ಪುತ್ತದೆ, ಜೊತೆಗೆ ಎಲುಬೂ ಬೇಗ ಸವೆಯುತ್ತದೆ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಅವರ ಟಿ-ಸ್ಕೋರ್ ಮೈನಸ್ 2.3 ಬಂದಿತ್ತು, ಅಂದರೆ ಎಲುಬು ತೆಳುವಾಗಿತ್ತು; 6 ತಿಂಗಳಿಗೊಮ್ಮೆ ಎಲುಬಿನ ಸವೆತ ತಡೆಯುವ ಝೋಲೆಡ್ರಾನಿಕ್ ಆಸಿಡ್ 4 ಮಿಲಿಗ್ರಾಂ ಕೊಡುವುದೆಂದು ನಿರ್ಧಾರವಾಗಿತ್ತು. ರಕ್ತದಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಜೊತೆಗೆ ಕ್ಯಾಲ್ಸಿಯಂ, ಎರಡೂ ಸರಿಯಾಗಿದ್ದವು. ‘ದಂತ ಪರೀಕ್ಷೆ ಆಗಿದೆ’ ಎಂಬಲ್ಲಿ ಟಿಕ್ ಕೂಡ ಇತ್ತು. ನಮ್ಮ ಸಾಫ್ಟ್‌ವೇರ್ ಆ ಟಿಕ್ ಅನ್ನು ಯಾರೂ ಕೇಳದೆಯೇ ಹಾಕಿಬಿಡುತ್ತದೆ. ಇದನ್ನು ತೆಗೆಯಿರಿ ಎಂದು ಬರೆದುಕೊಟ್ಟ ಅರ್ಜಿ ಇನ್ನೂ ಐಟಿ ವಿಭಾಗದಲ್ಲೇ ಕುಳಿತಿದೆ.

ಕ್ಯಾನುಲಾ ಹಾಕಿಯಾಗಿತ್ತು, 100 ಎಂಎಲ್ ಸಲೈನ್‌ನಲ್ಲಿ ಬೆರೆಸಿದ ಔಷಧ ಸ್ಟ್ಯಾಂಡಿನಲ್ಲಿ ತೂಗುತ್ತಿತ್ತು. ಟ್ಯೂಬ್ ಜೋಡಿಸಲು ಬಗ್ಗಿದಾಗ ಲವಂಗದ ಘಾಟು ಮೂಗಿಗೆ ಬಡಿಯಿತು. ಅವರ ಎಡಗೆನ್ನೆ ತುಸು ಉಬ್ಬಿತ್ತು.

“ಹಲ್ಲು ನೋಯಸ್ತದೇನ್ರಿ ಅಕ್ಕಾರ?” ಎಂದೆ.

“ಹೌದು ತಂಗಿ, ನಾಡಿದ್ದು ಕೀಳಸಬೇಕಂತ ಮಾಡೀನಿ. ಎಲುಬಿನ ಔಷಧಕ್ಕ ಹಲ್ಲಿಂದೇನು?”

ಟ್ಯೂಬಿನ ಕ್ಲ್ಯಾಂಪ್ ಮುಚ್ಚಿ, ಅದರ ಮೇಲೆ ಹೆಬ್ಬೆರಳಿಟ್ಟುಕೊಂಡೇ ನಿಂತೆ. ವೈದ್ಯರು ಫೋನ್ ಎತ್ತಲಿಲ್ಲ. ಮುಂದಿನ ರೋಗಿಗೆ ಕುರ್ಚಿ ಬೇಕೆಂದು ಇನ್‌ಚಾರ್ಜ್ ಸಿಸ್ಟರ್ ಎರಡು ಸಲ ಬಂದು ಹೋದರು. ಬೆರೆಸಿದ ಔಷಧದ ಬಿಲ್ ಯಾರು ಕಟ್ಟುತ್ತಾರೆಂದು ರೋಗಿಯ ಮಗ ಮರಾಠಿಯಲ್ಲಿ ಕೇಳತೊಡಗಿದ. ಮೊದಲ ಡೋಸ್ ತಾನೆ, ಹಾಕಿಬಿಡಿ ಎಂದು ವೈದ್ಯರು ಹೇಳುತ್ತಾರೆಂದೇ ನಾನು ಎಣಿಸಿದ್ದೆ. ಕೊನೆಗೆ ಒಪಿಡಿಯಿಂದ ಬಂದ ಅವರು ಆ ಬಾಯಿಯನ್ನು ನೋಡಿದ ಕೂಡಲೇ ಔಷಧ ಇಳಿಸಲು ಹೇಳಿದರು.

ಈ ಔಷಧ ಎಲುಬನ್ನು ಕರಗಿಸುವ ಕೋಶಗಳನ್ನು ಅಡಗಿಸುತ್ತದೆ. ಹಲ್ಲು ಕಿತ್ತ ದವಡೆ ಮಾಯಲು ಅದೇ ಕೋಶಗಳ ಕೆಲಸವೂ ಬೇಕು. ಅಪರೂಪಕ್ಕೆ ಗಾಯ ಮುಚ್ಚದೆ ದವಡೆಯ ಎಲುಬು ಬಯಲಾಗಿ ಉಳಿಯುವುದುಂಟು. ಎಲುಬಿನಲ್ಲಿ ಸೇರಿದ ಔಷಧ ವರ್ಷಗಟ್ಟಲೆ ಅಲ್ಲಿಯೇ ಇರುವುದರಿಂದ, ಇಂದು ಔಷಧ ಕೊಟ್ಟು ಹಲ್ಲನ್ನು ನಾಲ್ಕು ದಿನ ತಡವಾಗಿ ಕಿತ್ತರೆ ಏನೂ ಉಪಯೋಗವಿಲ್ಲ. ಮೊದಲು ಹಲ್ಲು, ಗಾಯ ಮಾದ ಮೇಲೆ ಔಷಧ. ಕೆಲವು ವಾರ ತಡವಾದರೆ ಎಲುಬಿಗೇನೂ ನಷ್ಟವಿಲ್ಲ. ಆ ವಾರಗಳಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ದಿನದ ನಡಿಗೆಯನ್ನು ಬಿಡಬಾರದೆಂದು ಹೇಳಿ ಕಳಿಸಿದೆವು. ಬಿಲ್ಲಿನ ಜಗಳ ಸಂಜೆಯವರೆಗೆ ನಡೆಯಿತು.

ಇದರಿಂದ ವಾರ್ಡು ಕಲಿತದ್ದು ಅರ್ಧ ಪಾಠ. ‘ಎಲುಬಿನ ಔಷಧ ತಡವಾದರೂ ನಡೆಯುತ್ತದೆ’ ಎಂದುಕೊಂಡ ಹೊಸ ಹುಡುಗಿಯೊಬ್ಬಳು, ಡೆನೊಸುಮ್ಯಾಬ್ ಎಂಬ ಬೇರೊಂದು ಎಲುಬಿನ ಔಷಧ ಪಡೆಯುತ್ತಿದ್ದ ಇನ್ನೊಬ್ಬ ರೋಗಿಗೆ ದೀಪಾವಳಿ ಮುಗಿಸಿಕೊಂಡು ನಿಧಾನವಾಗಿ ಬನ್ನಿ ಎಂದಿದ್ದಳು. ಚರ್ಮದಡಿ ಕೊಡುವ ಆ 60 ಮಿಲಿಗ್ರಾಂ ಇಂಜೆಕ್ಷನ್ನಿನ ಗುಣವೇ ಬೇರೆ: ಅದು ಎಲುಬಿನಲ್ಲಿ ಉಳಿಯುವುದಿಲ್ಲ, 6 ತಿಂಗಳ ಗಡುವು ಮೀರುತ್ತ ಹೋದರೆ ತಡೆದಿಟ್ಟ ಸವೆತ ರಭಸದಿಂದ ಮರುಕಳಿಸುತ್ತದೆ, ಬೆನ್ನುಮೂಳೆಯ ಒಂದಕ್ಕಿಂತ ಹೆಚ್ಚು ಮಣಿಗಳು ಮುರಿದದ್ದೂ ಇದೆ. ಎರಡೂ ಔಷಧಗಳನ್ನು ಒಂದೇ ಪಟ್ಟಿಗೆ ಸೇರಿಸಿದವರು ಯಾರೋ ಗೊತ್ತಿಲ್ಲ. ಆ ರೋಗಿಗೆ ಫೋನ್ ಮಾಡಿ ಅದೇ ವಾರ ಕರೆಸಿಕೊಂಡೆವು. ಹಲ್ಲು ನೋಡಿಯೇ ಚುಚ್ಚಿದೆವು.