ಬಾಯಿ ತೆರೆದ ಮೊಸಳೆ

ರಂಗನತಿಟ್ಟಿನ ಬಂಡೆ ಮೇಲೆ ಬಾಯಿ ತೆರೆದು ಬಿದ್ದಿದ್ದ ಮೊಸಳೆ ನೋಡಿ ದೋಣಿಯಲ್ಲಿ ಎಲ್ಲರೂ ಕಿರುಚಿದರು. ಪಾಪ, ಅದು ಮೈ ಬಿಸಿ ಇಳಿಸಿಕೊಳ್ಳುತ್ತಿತ್ತು ಅಷ್ಟೇ. ಹೆದರಬೇಕಾದ್ದು ಕಾಣದ ಮೊಸಳೆಗೆ, ಅಲ್ವಾ? ಕಣ್ಣು, ಮೂಗಿನ ಹೊಳ್ಳೆ ಮಾತ್ರ ನೀರಿನ ಮೇಲಿರುತ್ತವೆ. ದಾಂಡೇಲಿಯ ಕಾಳಿ ನದಿಯಲ್ಲಿ ದಾಳಿಗಳಾಗಿವೆ.

ಬಾಯಿ ಮುಚ್ಚುವ ಬಲ ಭಯಂಕರ. ತೆರೆಯುವ ಬಲ ಎಷ್ಟು ಕಮ್ಮಿ ಅಂದ್ರೆ, ಹಿಡಿಯುವವರು ಮೂತಿಗೆ ಟೇಪ್ ಸುತ್ತಿದರೆ ಸಾಕು. (ನಾನಂತೂ ಸುತ್ತಲ್ಲ.)

ಅಮೆರಿಕದ ಫ್ಲಾರಿಡಾದಲ್ಲಿ ಮೊಸಳೆಯ ನೆಂಟರಾದ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ. ಆದರೂ ಕೆಣಕದೇ ಕಚ್ಚಿಸಿಕೊಂಡು ವೈದ್ಯರ ಹತ್ತಿರ ಓಡುವವರು ವರ್ಷಕ್ಕೆ ಸರಾಸರಿ 8 ಜನ. ಒಡಿಶಾದ ಭಿತರಕನಿಕಾದ ಉಪ್ಪುನೀರಿನ ಮೊಸಳೆ ಅಷ್ಟು ಸಾಧು ಅಲ್ಲ. ಅಲ್ಲಿ ಜನ ಸ್ನಾನ ಮಾಡುವ ಘಟ್ಟಗಳಿಗೇ ಬೇಲಿ ಹಾಕಿದ್ದಾರೆ.