ಫ್ರಕ್ಟೋಸ್ ಆಗದವರಿಗೆ ಶುಗರ್ ಫ್ರೀ ಬಿಸ್ಕತ್ತು ಕೊಡಬೇಡಿ

“ಮಗುವಿಗೆ ಫ್ರಕ್ಟೋಸ್ ಆಗಲ್ಲ, ಏನು ಕೊಡ್ತೀರಿ?” ಎಂದು ಕೇಳಿದ ಕೂಡಲೇ ಬೇಕರಿಯವರ ಕೈ ಶುಗರ್ ಫ್ರೀ ಬಿಸ್ಕತ್ತಿನ ಕಡೆ ಹೋಗುತ್ತದೆ. ಮೊದಲು ಬಿಡಬೇಕಾದ ಅಭ್ಯಾಸ ಇದು. ಫ್ರಕ್ಟೋಸ್ ಎಂದರೆ ಹಣ್ಣು, ಜೇನಿನಲ್ಲಿರುವ ಒಂದು ಬಗೆಯ ಸಿಹಿ ಅಂಶ. ಆ ಬಿಸ್ಕತ್ತು ಸಕ್ಕರೆ ಕಾಯಿಲೆಯವರಿಗೆಂದು ಮಾಡಿದ್ದು. ಸಿಹಿಗೆ ಹೆಚ್ಚಾಗಿ ಮಾಲ್ಟಿಟಾಲ್ ಇಲ್ಲವೇ ಸಾರ್ಬಿಟಾಲ್ ಹಾಕಿರುತ್ತಾರೆ. ಲೇಬಲ್ಲಿನಲ್ಲಿ 965, 420 ಎಂಬ ಸಂಖ್ಯೆಗಳು ಇವೇ. ಸಾರ್ಬಿಟಾಲ್ ಮೈಯೊಳಗೆ ಫ್ರಕ್ಟೋಸ್ ಆಗುತ್ತದೆ. ಮಾಲ್ಟಿಟಾಲ್ ಒಡೆದರೆ ಗ್ಲೂಕೋಸಿನ ಜೊತೆ ಸಾರ್ಬಿಟಾಲೂ ಬರುತ್ತದೆ.

ಆಮೇಲೆ ಕೇಳಬೇಕಾದ್ದು: ಡಾಕ್ಟರು ಹೇಳಿದ್ದು ಯಾವ ಬಗೆ? ಕರುಳು ಫ್ರಕ್ಟೋಸನ್ನು ಸರಿಯಾಗಿ ಹೀರಿಕೊಳ್ಳದಿದ್ದರೆ ಹೊಟ್ಟೆ ಉಬ್ಬರ, ಭೇದಿ. ಇವರಲ್ಲಿ ಹಲವರಿಗೆ ಸ್ವಲ್ಪ ಸಕ್ಕರೆ ಒಗ್ಗುತ್ತದೆ, ಜೇನುತುಪ್ಪ ಒಗ್ಗುವುದಿಲ್ಲ; ಜೇನಿನಲ್ಲಿ ಗ್ಲೂಕೋಸಿಗಿಂತ ಫ್ರಕ್ಟೋಸ್ ಹೆಚ್ಚು. ಇನ್ನೊಂದು ಹುಟ್ಟಿನಿಂದಲೇ ಬರುವ, ಫ್ರಕ್ಟೋಸನ್ನು ಒಡೆಯಲು ಬೇಕಾದ ಆಲ್ಡೊಲೇಸ್ ಬಿ ಕಿಣ್ವದ ಕೊರತೆ. ಇದರಲ್ಲಿ ರಕ್ತದ ಗ್ಲೂಕೋಸ್ ಕುಸಿಯುತ್ತದೆ, ಯಕೃತ್ತು, ಮೂತ್ರಪಿಂಡ ಕೆಡುತ್ತವೆ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸೇ ಆದ್ದರಿಂದ ಇವರಿಗೆ ಸಕ್ಕರೆ, ಬೆಲ್ಲ, ಜೇನು, ಖರ್ಜೂರ ಯಾವುದೂ ಬೇಡ. ಅನುಮಾನ ಇದ್ದರೆ ಮಾರಲೇಬೇಡಿ.

ಗ್ಲೂಕೋಸ್ ಬಿಸ್ಕತ್ತು ಎಂಬ ಹೆಸರು ನಂಬಬೇಡಿ, ಒಳಗೆ ಸಕ್ಕರೆ, ಇನ್ವರ್ಟ್ ಸಿರಪ್ (ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದ ಸಕ್ಕರೆಯ ಪಾಕ) ಇರುತ್ತವೆ. ಸ್ಪಂಜ್ ಕೇಕಿಗೆ ಹಾಕುವ ಕೇಕ್ ಜೆಲ್ ಇನ್ನೂ ಮೋಸ. ಹಲವು ಜೆಲ್‌ಗಳಲ್ಲಿ ಸಾರ್ಬಿಟಾಲ್ ಇರುತ್ತದೆ. ಸಕ್ಕರೆ ಬಿಟ್ಟು ಕೇಕ್ ಮಾಡಿದವರೂ ಜೆಲ್ ಡಬ್ಬಿಯ ಹಿಂಬದಿ ಓದುವುದಿಲ್ಲ.

ಬನ್ನಿನ ಬಗ್ಗೆ “ಹಾಕಿದ ಸಕ್ಕರೆಯನ್ನೆಲ್ಲ ಈಸ್ಟ್ ತಿಂದುಬಿಡುತ್ತೆ” ಎನ್ನುವುದುಂಟು. ಇದು ತಪ್ಪು. ಈಸ್ಟ್ ಸಕ್ಕರೆಯನ್ನು ಮೊದಲು ಎರಡಾಗಿ ಒಡೆಯುತ್ತದೆ, ಗ್ಲೂಕೋಸನ್ನು ಮೊದಲು ತಿನ್ನುತ್ತದೆ. ಹಿಟ್ಟಿನಲ್ಲಿ ಉಳಿಯುವುದು ಹೆಚ್ಚಾಗಿ ಫ್ರಕ್ಟೋಸೇ. ಅದಕ್ಕೆ ಸಕ್ಕರೆಯ ಬದಲು ಡೆಕ್ಸ್‌ಟ್ರೋಸ್ ಪುಡಿ ಹಾಕಿ, ಅಂದರೆ ಬರೀ ಗ್ಲೂಕೋಸ್. ಹಣ್ಣಿನ ಫ್ಲೇವರ್ ಇರುವ ಗ್ಲೂಕೋಸ್ ಪುಡಿ ಬೇಡ, ಅದರಲ್ಲಿ ಸಕ್ಕರೆ ಬೆರೆತಿರಬಹುದು. 1 ಕೆಜಿ ಮೈದಾಕ್ಕೆ ಡೆಕ್ಸ್‌ಟ್ರೋಸ್ 30 ಗ್ರಾಂ, ಇನ್‌ಸ್ಟಂಟ್ ಈಸ್ಟ್ 10, ಉಪ್ಪು 18, ಬೆಣ್ಣೆ 40 ಗ್ರಾಂ, ನೀರು ಸುಮಾರು 600 ಮಿಲಿ. ಮೇಲೆ ಸಕ್ಕರೆ ನೀರಿನ ಬದಲು ಹಾಲು ಸವರಿ.

ಡೆಕ್ಸ್‌ಟ್ರೋಸಿನ ಸಿಹಿ ಸಕ್ಕರೆಯ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ, ಆದರೆ ಬಣ್ಣ ಬೇಗ ಏರುತ್ತದೆ. ಬಿಸ್ಕತ್ತಿಗೆ ಹೆಚ್ಚು ಹಾಕಿದಾಗ ಹೊರಗೆ ಕಂದಿ ಒಳಗೆ ಹಸಿ ಉಳಿಯುತ್ತದೆ. ಒಲೆಯ ಶಾಖ 10–15 ಡಿಗ್ರಿ ಇಳಿಸಿ, ನಾಲ್ಕೈದು ನಿಮಿಷ ಹೆಚ್ಚು ಬೇಯಿಸಿ. ಕ್ರೀಮಿಗೆ ಹಾಕಿದರೆ ನಾಲಿಗೆಗೆ ತಣ್ಣಗೆನಿಸುತ್ತದೆ, ಅದು ಕೆಟ್ಟಿರುವುದಲ್ಲ.

ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಸುಲಭ ಖಾರಾ ಬಿಸ್ಕತ್ತು. ಮಾಮೂಲಿ ಅಳತೆಯಲ್ಲಿ ಅದಕ್ಕೂ ಒಂದೆರಡು ಚಮಚ ಸಕ್ಕರೆ ಬೀಳುತ್ತದೆ, ಬಣ್ಣಕ್ಕೆಂದು. ಅದನ್ನು ತೆಗೆದು 250 ಗ್ರಾಂ ಮೈದಾಕ್ಕೆ 10 ಗ್ರಾಂ ಸಿಹಿಯಿಲ್ಲದ ಹಾಲಿನ ಪುಡಿ ಹಾಕಿ. ಹಾಲಿನ ಲ್ಯಾಕ್ಟೋಸ್ ಬಣ್ಣ ಕೊಡುತ್ತದೆ, ಅದರಲ್ಲಿ ಫ್ರಕ್ಟೋಸ್ ಇಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ ಬಿಟ್ಟು ಜೀರಿಗೆ, ಕಾಳುಮೆಣಸು ಸಾಕು. ಕರುಳಿನ ತೊಂದರೆಯವರಲ್ಲಿ ಕೆಲವರಿಗೆ ಗೋಧಿ, ಮೈದಾದಲ್ಲಿರುವ ಫ್ರಕ್ಟಾನೂ (ಫ್ರಕ್ಟೋಸ್ ಸರಪಳಿಯಂತೆ ಸೇರಿ ಆದದ್ದು) ಆಗುವುದಿಲ್ಲ, ಅದನ್ನೂ ಕೇಳಿಕೊಳ್ಳಿ.

ಸಕ್ಕರೆ ಪಾಕದ ಬ್ರಷ್ಷು, ದಿಲ್‌ಪಸಂದ್ ಬೆಂದ ಟ್ರೇ ಇದಕ್ಕೆ ತಾಗಬಾರದು. ಬೆಳಗ್ಗೆ ಮೊದಲ ಸರದಿಯಲ್ಲೇ ಬೇಯಿಸಿ ಬೇರೆ ಡಬ್ಬಿಗೆ ಹಾಕಿ, ಹಾಕಿದ ಸಾಮಾನಿನ ಪೂರ್ತಿ ಪಟ್ಟಿಯನ್ನು ಕವರಿನ ಮೇಲೆ ಬರೆಯಿರಿ. ಮಗುವಿನ ಮನೆಯವರು ಅದನ್ನು ತಮ್ಮ ಡಯಟಿಷಿಯನ್‌ಗೆ ತೋರಿಸಿ, ಡಯಟಿಷಿಯನ್ ಒಪ್ಪಿದ ಮೇಲೆ ಮಗುವಿಗೆ ಕೊಡಲಿ.